ಟೇಪು ನಡುಗಿದ್ದೆಲ್ಲಿ? ಸೆಕೆಂಡಿಗೆ ಐದು ಶಾಟಿನ ಲೇಸರ್‌ಗೆ ಹೊಸೂರಿನಲ್ಲಿ ತಯಾರಾದ ಟಾರ್ಗೆಟ್

ಕೃಷ್ಣಗಿರಿ ಜಿಲ್ಲೆಯ ಹೊಸೂರಿನಲ್ಲಿ, ಸಿಪ್ಕಾಟ್ ಕೈಗಾರಿಕಾ ವಲಯದ ಪಕ್ಕದ ಒಂದು ಸಣ್ಣ ವರ್ಕ್‌ಶಾಪು. ಎರಡು ಸಿಎನ್‌ಸಿ, ಒಂದು ಸಿಲಿಂಡ್ರಿಕಲ್ ಗ್ರೈಂಡರ್, ಒಂದು ಹಳೇ ಲೇತು. ವಾಹನದ ಬಿಡಿಭಾಗ ಹಿಡಿಯುವ ಫಿಕ್ಸ್‌ಚರು, ಗೇಜು ಮಾಡುವುದು ಇಲ್ಲಿನ ನಿತ್ಯದ ಕೆಲಸ. ಮಾತು ಕನ್ನಡ, ನಡುನಡುವೆ ತೆಲುಗು, ಬಿಲ್ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿಗೆ ಹೊರರಾಜ್ಯದ ಲೇಸರ್ ಪ್ರಯೋಗಾಲಯವೊಂದರಿಂದ ಬಂದ ಆರ್ಡರು ಒಂದು ಟೇಪ್ ಟಾರ್ಗೆಟ್. ನಿರ್ವಾತ ಚೇಂಬರಿನೊಳಗೆ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತುತ್ತ, ಲೇಸರಿನ ಪ್ರತಿ ಹೊಡೆತಕ್ಕೂ, ಅಂದರೆ ಶಾಟಿಗೂ, ಹೊಸ ಮೈ ಒಡ್ಡಬೇಕು. ಕೂಡಿಸಿಟ್ಟಾಗ ನೋಡಲು ಹಳೇ ಕ್ಯಾಸೆಟ್ ಪ್ಲೇಯರಿನಂತೆಯೇ ಇತ್ತು. ಒಂದೇ ವ್ಯತ್ಯಾಸ, ಇಲ್ಲಿ ಟೇಪು ಹತ್ತು ಮೈಕ್ರಾನಿನಷ್ಟೂ (ಮಿಲಿಮೀಟರಿನ ನೂರನೇ ಒಂದು ಪಾಲು) ಹಿಂದೆಮುಂದೆ ಆಗಕೂಡದು.

ಯಂತ್ರ ಹೊಸೂರಿನಲ್ಲಿ ಪಾಸಾಯಿತು, ಚೇಂಬರಿನಲ್ಲಿ ಫೇಲಾಯಿತು. ಲೇಸರ್ ಬಡಿದಾಗ ಟೇಪಿನ ಹಿಂದಿನಿಂದ ಹೊರಡುವ ಪ್ರೋಟಾನುಗಳ ಸಂಖ್ಯೆ ಒಂಬತ್ತು ಹತ್ತು ಶಾಟಿಗೊಮ್ಮೆ ಏರಿ ಇಳಿಯುತ್ತಿತ್ತು. ಅದೂ ಸದಾ ಅಲ್ಲ. ಹತ್ತು ನಿಮಿಷ ಕೆಟ್ಟು ಕುಣಿಯುವುದು, ಆಮೇಲೆ ತಾನಾಗಿಯೇ ಶಾಂತವಾಗುವುದು, ಮತ್ತೆ ಶುರುವಾಗುವುದು. ಈ ಬರಹದ ಹೆಚ್ಚಿನ ಭಾಗ ಆ ಏರಿಳಿತ ಎಲ್ಲಿಂದ ಬಂತು, ಹೇಗೆ ಹೋಯಿತು ಎಂಬುದರದು. ಉಳಿದ ತೊಂದರೆಗಳು ಕೊನೆಯಲ್ಲಿ ಚುಟುಕಾಗಿ.

ಟೇಪೇ ಯಾಕೆ

ವಿಜ್ಞಾನಿಗಳಾದ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ 1985ರಲ್ಲಿ ತೋರಿಸಿದ, 2018ರಲ್ಲಿ ನೊಬೆಲ್ ಪಡೆದ ತಂತ್ರದಿಂದ ಲೇಸರ್ ಮಿಡಿತವನ್ನು ಎಳೆದು, ಬಲಪಡಿಸಿ, ಮತ್ತೆ ಕುಗ್ಗಿಸುವುದು ಸಾಧ್ಯವಾಯಿತು. ಬಹಳ ಕಾಲ ಇಂಥ ದೊಡ್ಡ ಲೇಸರ್‌ಗಳು ಗಂಟೆಗೆ ಕೆಲವೇ ಶಾಟು ಕೊಡುತ್ತಿದ್ದವು. ಆಗ ಟಾರ್ಗೆಟ್ ಎಂದರೆ ಫ್ರೇಮಿಗೆ ಅಂಟಿಸಿದ ಒಂದು ಚೂರು ಹಾಳೆ. ಹೊಡೆದಾದ ಮೇಲೆ ಇನ್ನೊಂದಕ್ಕೆ ಸರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೊಂದಿಸಲು ಬೇಕಾದಷ್ಟು ಸಮಯ ಇರುತ್ತಿತ್ತು. ಈಗ ಲೇಸರ್ ಕಾಯುವುದಿಲ್ಲ, ಟಾರ್ಗೆಟ್ಟೇ ಹಿಂದೆ ಬಿದ್ದಿದೆ. ಜೆಕ್ ದೇಶದ ಇಎಲ್ಐ ಬೀಮ್‌ಲೈನ್ಸ್ ಲೇಸರ್ ಕೇಂದ್ರದ ಎಲ್3 ಲೇಸರನ್ನು 30 ಜೌಲ್, ಸೆಕೆಂಡಿಗೆ 10 ಶಾಟು ಎಂಬ ಗುರಿಯಿಟ್ಟೇ ವಿನ್ಯಾಸ ಮಾಡಿದರು. ಚಕ್ರದ ಮೇಲೆ ಸಾವಿರ ಹಾಳೆ ಜೋಡಿಸಿಟ್ಟರೂ ಸೆಕೆಂಡಿಗೆ ಐದರಂತೆ 200 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಪರ್ಯಾಯ ಇಲ್ಲವೆಂದಲ್ಲ. ಎರಡು ದ್ರವಧಾರೆಗಳನ್ನು ಡಿಕ್ಕಿ ಹೊಡೆಸಿ ಮೈಕ್ರಾನಿಗಿಂತ ತೆಳುವಾದ ಹಾಳೆ ಹರಿಸಬಹುದು. ಅದಕ್ಕೆ ನೀರಿಗಿಂತ ಇಥಿಲೀನ್ ಗ್ಲೈಕಾಲ್ ಮೇಲು. 20 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 23 ಮಿಲಿಬಾರ್, ಗ್ಲೈಕಾಲಿನದು 0.1 ಮಿಲಿಬಾರಿಗಿಂತ ಕಡಿಮೆ, ಪಂಪಿಗೆ ಹೊರೆ ಆಗುವುದಿಲ್ಲ. ಹೊಸೂರಿನ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುವ ರೇಡಿಯೇಟರ್ ಕೂಲಂಟಿನ ಮೂಲ ದ್ರವ ಇದೇ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್ಆರ್) ಹೈದರಾಬಾದ್ ಕೇಂದ್ರದಲ್ಲಿ ಸೆಕೆಂಡಿಗೆ ಸಾವಿರ ಶಾಟಿನ ಲೇಸರ್‌ಗೆ ದ್ರವದ ಸಣ್ಣ ಹನಿಗಳನ್ನೇ ಟಾರ್ಗೆಟ್ ಮಾಡಿದ್ದಾರೆ. ಘನ ಹೈಡ್ರೋಜನ್ನಿನ ಎಳೆಯೂ ಉಂಟು, 20 ಕೆಲ್ವಿನ್ನಿಗೂ ಕೆಳಗೆ. ಅದರ ಖರ್ಚು ಬೇರೆಯೇ ಲೋಕದ್ದು. ಜೌಲ್ ಮಟ್ಟದ ಶಕ್ತಿ, ಸೆಕೆಂಡಿಗೆ ಒಂದರಿಂದ ಹತ್ತು ಶಾಟು, ಹಾಳೆಯ ದಪ್ಪ ಹತ್ತು ಮೈಕ್ರಾನಿನ ಆಸುಪಾಸು ಸಾಕು ಎನ್ನುವವರಿಗೆ ಟೇಪೇ ಸರಿ. ಮಾಡುವುದು ಅಗ್ಗ, ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಕೂತು ರಿಪೇರಿ ಮಾಡಬಹುದು.

ಹತ್ತು ಮೈಕ್ರಾನ್ ಬಂದದ್ದು ಹೀಗೆ

ಲೇಸರ್ ಮಿಡಿತದ ಶಕ್ತಿ ಟಾರ್ಗೆಟ್ ಮೇಲೆ 2.5 ಜೌಲ್, ಅವಧಿ 30 ಫೆಮ್ಟೊಸೆಕೆಂಡ್, ತರಂಗಾಂತರ 0.8 ಮೈಕ್ರಾನ್. 90 ಮಿ.ಮೀ. ಅಗಲದ ಕಿರಣವನ್ನು ಎಫ್/3 ಪ್ಯಾರಾಬೋಲಾ ಕನ್ನಡಿ 4 ಮೈಕ್ರಾನಿನ ಚುಕ್ಕೆಗೆ ಇಳಿಸುತ್ತದೆ. ಶಕ್ತಿಯ ಶೇ. 30 ಆ ಚುಕ್ಕೆಯೊಳಗೆ ಬಿದ್ದರೂ ತೀವ್ರತೆ ಚದರ ಸೆಂಟಿಮೀಟರಿಗೆ 2×10²⁰ ವ್ಯಾಟ್. ಮುಂದಿನ ಮೈಯಲ್ಲಿ ಕಾದ ಎಲೆಕ್ಟ್ರಾನುಗಳು ಹಾಳೆ ದಾಟಿ ಹಿಂದೆ ಹೊರಬರುತ್ತವೆ. ಅಲ್ಲಿ ಹುಟ್ಟುವ ವಿದ್ಯುತ್ ಕ್ಷೇತ್ರ ಮೇಲ್ಮೈಯ ತೇವ, ಜಿಡ್ಡಿನಲ್ಲಿರುವ ಹೈಡ್ರೋಜನ್ನಿನಿಂದ ಪ್ರೋಟಾನುಗಳನ್ನು ಎಳೆದೊಗೆಯುತ್ತದೆ. ತೀವ್ರತೆ ತಗ್ಗಿದರೆ ಪ್ರೋಟಾನೂ ತಗ್ಗುತ್ತದೆ.

ಇಂಥ ಚುಕ್ಕೆಯ ರೇಲೀ ಉದ್ದ ಸುಮಾರು 45 ಮೈಕ್ರಾನ್. ಟಾರ್ಗೆಟ್ ಕಿರಣದ ದಿಕ್ಕಿನಲ್ಲಿ 45 ಮೈಕ್ರಾನ್ ಸರಿದರೆ ತೀವ್ರತೆ ಅರ್ಧಕ್ಕಿಳಿಯುತ್ತದೆ, 15 ಮೈಕ್ರಾನ್ ಸರಿದರೆ ಹತ್ತನೇ ಒಂದು ಪಾಲು ಹೋಗುತ್ತದೆ. ಲ್ಯಾಬ್ ಆ ಹತ್ತನೇ ಒಂದಕ್ಕೆ ಒಪ್ಪಿತು. ಆದರೆ ಟೇಪು ಕಿರಣಕ್ಕೆ ನೇರ ಎದುರಾಗಿ ನಿಂತಿಲ್ಲ, 45 ಡಿಗ್ರಿ ಓರೆಯಾಗಿದೆ. ನೇರ ನಿಲ್ಲಿಸಿದರೆ ಪ್ರತಿಫಲಿತ ಬೆಳಕು ಬಂದ ದಾರಿಯಲ್ಲೇ ಹಿಂದೆ ಹೋಗಿ ಆಂಪ್ಲಿಫೈಯರಿನಲ್ಲಿ ಮತ್ತೆ ಬಲ ಪಡೆದು ಲೇಸರನ್ನೇ ಸುಡಬಹುದು. ಓರೆಯಾಗಿರುವಾಗ ಟೇಪು ತನ್ನ ಮೈಗೆ ಲಂಬವಾಗಿ 1 ಮೈಕ್ರಾನ್ ಅಲುಗಿದರೆ ಕಿರಣದ ದಿಕ್ಕಿನಲ್ಲಿ ಅದು 1.41 ಮೈಕ್ರಾನ್. ಹಾಗಾಗಿ 15 ಎಂಬುದು ಟೇಪಿನ ಲೆಕ್ಕದಲ್ಲಿ 10.6 ಆಯಿತು, ಡ್ರಾಯಿಂಗಿನಲ್ಲಿ ±10 ಎಂದು ಬಂತು.

ಟೇಪು 12.7 ಮಿ.ಮೀ. ಅಗಲ, 12.7 ಮೈಕ್ರಾನ್ ದಪ್ಪದ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ಕು. ಇದಕ್ಕಿಂತ ತೆಳು ಬೇಡವೆಂದದ್ದು ಬರೀ ಗಟ್ಟಿತನದ ದೃಷ್ಟಿಯಿಂದಲ್ಲ. ಮುಖ್ಯ ಮಿಡಿತಕ್ಕೆ ಮುಂಚೆ ಬರುವ ಮಂದ ಬೆಳಕು ಅದರ ನೂರು ಕೋಟಿಯಲ್ಲಿ ಒಂದು ಪಾಲಿದ್ದರೂ 2×10¹¹ ವ್ಯಾಟ್ ಆಯಿತು. ಪ್ಲಾಸ್ಟಿಕ್ಕಿನ ಮೈ ಕೆಡಲು, ಹಾಳೆಯೊಳಗೆ ಆಘಾತದ ಅಲೆ ಹೊರಡಲು ಅಷ್ಟು ಸಾಕು. ಹಾಳೆ ತೀರ ತೆಳುವಾದರೆ ಮುಖ್ಯ ಮಿಡಿತ ಬರುವ ಹೊತ್ತಿಗೆ ಹಿಂದಿನ ಮೈ ಅಲುಗಿರುತ್ತದೆ.

ಶಾಟಿಗೆ 4 ಮಿ.ಮೀ. ಮುನ್ನಡೆ. ರಂಧ್ರ ಸುಮಾರು ಒಂದೂವರೆ ಮಿ.ಮೀ., ಸುತ್ತ ಕರಗಿದ ಅಂಚು, ಆಮೇಲೆ ಚೂರು ಅಂತರ. 100 ಮೀಟರ್ ಸುರುಳಿಯಲ್ಲಿ 25,000 ಶಾಟು, ಅಂದರೆ 83 ನಿಮಿಷ.

ಎಳೆತ 2 ನ್ಯೂಟನ್. ವರ್ಕ್‌ಶಾಪಿನವರು ಮೊದಲು 5 ಇಡೋಣವೆಂದರು, ಬಿಗಿ ಹೆಚ್ಚಿದಷ್ಟೂ ಟೇಪು ನೆಟ್ಟಗಿರುತ್ತದೆಂಬ ಲೆಕ್ಕದಲ್ಲಿ. ಟೇಪಿನ ಅಡ್ಡ ಕೊಯ್ತ 0.161 ಚದರ ಮಿ.ಮೀ.; 5 ನ್ಯೂಟನ್ನಿಗೆ ಒತ್ತಡ 31 ಮೆಗಾಪ್ಯಾಸ್ಕಲ್. ರಂಧ್ರದ ಪಕ್ಕದಲ್ಲಿ ಅದು ಸುಮಾರು ಮೂರು ಪಟ್ಟಾಗಿ 93. ಕ್ಯಾಪ್ಟಾನ್ 69ರ ಸುಮಾರಿಗೇ ಸೋತು ಹಿಗ್ಗಲು ಶುರುಮಾಡುತ್ತದೆ. 2 ನ್ಯೂಟನ್ನಿಗೆ ಅದೇ ಲೆಕ್ಕ 37ಕ್ಕೆ ನಿಲ್ಲುತ್ತದೆ. ಅಷ್ಟು ಸಣ್ಣ ಎಳೆತದಲ್ಲೂ, ಎರಡು ಆಸರೆಗಳ ನಡುವೆ 20 ಮಿ.ಮೀ. ಮಾತ್ರ ಬಿಟ್ಟರೆ ಟೇಪಿನ ಸ್ವಂತ ಕಂಪನ 2,300 ಹರ್ಟ್ಸ್ ದಾಟುತ್ತದೆ. ಪ್ರತಿ ಶಾಟಿಗಿರುವ 200 ಮಿಲಿಸೆಕೆಂಡಿನಲ್ಲಿ 80 ಸರಿಯಲು ಕೊಟ್ಟರೂ ಕಂಪನ ತಣಿಯಲು ಧಾರಾಳ ಸಮಯ ಉಳಿಯುತ್ತದೆ. ಎಂದರೆ ನಡುಕಕ್ಕೆ ಟೇಪು ಕಾರಣವಲ್ಲ, ಅದನ್ನು ಹಿಡಿದದ್ದು ಕಾರಣ.

ಹತ್ತೊಂಬತ್ತು ನಿಮಿಷದ ಒಗಟು

ಮೊದಲ ವಿನ್ಯಾಸದಲ್ಲಿ ಶಾಟ್ ಬೀಳುವ ಜಾಗದ ಎರಡೂ ಬದಿ ತಿರುಗುವ ರೋಲರ್‌ಗಳಿದ್ದವು, ವ್ಯಾಸ 12 ಮಿ.ಮೀ. ಪ್ರತಿ ರೋಲರ್ ಒಂದು ತೋಳು (ಟೊಳ್ಳು ಕೊಳವೆ), ಅದರೊಳಗೆ 4 ಮಿ.ಮೀ. ಶಾಫ್ಟು, ಶಾಫ್ಟಿನ ಎರಡು ತುದಿಗೆ ಸಣ್ಣ ಬೇರಿಂಗು. ಹೊಸೂರಿನಲ್ಲಿ ಕೂಡಿಸಿ ಪಪ್ಪಿ ಡಯಲ್ (ಮೈಗೆ ತುದಿ ತಾಗಿಸಿ ಅಲುಗಾಟ ಅಳೆಯುವ ಗೇಜು) ಇಟ್ಟು ತಿರುಗಿಸಿದಾಗ ರನ್‌ಔಟ್, ಅಂದರೆ ಒಂದು ಸುತ್ತಿನಲ್ಲಿ ಮೈ ಹಿಂದೆಮುಂದೆ ಆಗುವಷ್ಟು, 4 ಮೈಕ್ರಾನ್. ವರದಿಗೆ ಸಹಿಯೂ ಬಿತ್ತು.

ಲ್ಯಾಬಿನಲ್ಲಿ ಪ್ರೋಟಾನುಗಳನ್ನು, ಅವು ಬಿದ್ದಲ್ಲಿ ಮಿನುಗುವ ಸಿಂಟಿಲೇಟರ್ ಹಾಳೆ ಮತ್ತು ಕ್ಯಾಮೆರಾದಿಂದ ಶಾಟ್ ಶಾಟಿಗೂ ಅಳೆಯುತ್ತಿದ್ದರು. ಹಳೆಯ ಪದ್ಧತಿಯಂತೆ ಸಿಆರ್-39 ಪ್ಲಾಸ್ಟಿಕ್ಕನ್ನೋ ರೇಡಿಯೋಕ್ರೋಮಿಕ್ ಫಿಲ್ಮನ್ನೋ ಇಟ್ಟಿದ್ದರೆ ಈ ತೊಂದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಐದಾರು ಶಾಟಿನ ಫಿಲ್ಮು ನೋಡಿ 'ಶಾಟಿನಿಂದ ಶಾಟಿಗೆ ವ್ಯತ್ಯಾಸ ಇದ್ದದ್ದೇ' ಎಂದು ಬರೆದು ಮುಗಿಸುತ್ತಿದ್ದರು. ಸಾವಿರಾರು ಶಾಟಿನ ಸಾಲು ಕೈಯಲ್ಲಿದ್ದಾಗ ವ್ಯತ್ಯಾಸಕ್ಕೆ ಒಂದು ತಾಳ ಇದೆಯೋ ಇಲ್ಲವೋ ಎಂದು ಕೇಳಬಹುದು. ಇಲ್ಲಿ ಎರಡು ತಾಳ ಸಿಕ್ಕಿದವು. ಒಂದು 9.4 ಶಾಟಿಗೊಮ್ಮೆ. ಇನ್ನೊಂದು ನಿಧಾನದ್ದು: ಆ ಏರಿಳಿತವೇ ಸುಮಾರು 19 ನಿಮಿಷಕ್ಕೊಮ್ಮೆ ಹಿಗ್ಗಿ ಕುಗ್ಗುವುದು.

19 ನಿಮಿಷವೆಂದ ಕೂಡಲೇ ಎಲ್ಲರ ಕಣ್ಣು ಹೋದದ್ದು ಎಸಿ ಕಡೆಗೆ. ಕೋಣೆ ತಣಿದು, ಕಂಪ್ರೆಸರ್ ನಿಂತು, ಮತ್ತೆ ಶುರುವಾಗುವುದಕ್ಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಕನ್ನಡಿ ಹಿಡಿದ ಚೌಕಟ್ಟು ಹಿಗ್ಗಿ ಫೋಕಸ್ ಸರಿಯುತ್ತಿದೆ ಎಂದು ಕೆಲವರು, ಲೇಸರ್ ಕಿರಣವೇ ಓಲಾಡುತ್ತಿದೆ ಎಂದು ಕೆಲವರು. ಎರಡೂ ನಂಬಬಹುದಾದ ಕಾರಣಗಳೇ, ಬೇರೆಡೆ ನಿಜವೂ ಆಗಿರುತ್ತವೆ. ಆದರೆ ಕೋಣೆಯ ಶಾಖ 9.4 ಶಾಟಿನ ತಾಳ ಹಾಕುವುದು ಸಾಧ್ಯವಿಲ್ಲ.

ಇತ್ಯರ್ಥ ಮಾಡಿದ್ದು ಪುಕ್ಕಟೆ ಪರೀಕ್ಷೆ. ಮುನ್ನಡೆಯನ್ನು 4ರಿಂದ 3 ಮಿ.ಮೀ.ಗೆ ಇಳಿಸಿದರು, ಬೇರೇನೂ ಮುಟ್ಟಲಿಲ್ಲ. ಕಿರು ತಾಳ 9.4ರಿಂದ 12.6 ಶಾಟಿಗೆ ಹೋಯಿತು, ನಿಧಾನದ ತಾಳ 19ರಿಂದ 25 ನಿಮಿಷಕ್ಕೆ. ಎಸಿಗಾಗಲೀ ಲೇಸರ್‌ಗಾಗಲೀ ಟೇಪು ಎಷ್ಟು ಸರಿಯುತ್ತದೆಂಬ ಸುದ್ದಿಯೇ ಗೊತ್ತಿಲ್ಲ. ಅವು ಕಾರಣವಾಗಿದ್ದರೆ ನಿಧಾನದ ತಾಳ ಇದ್ದಲ್ಲೇ ಇರಬೇಕಿತ್ತು. 9.4 ಗುಣಿಸು 4, ಅಥವಾ 12.6 ಗುಣಿಸು 3, ಎರಡೂ 37.7 ಮಿ.ಮೀ.ಗೆ ಬರುತ್ತವೆ. 12 ಮಿ.ಮೀ. ರೋಲರಿನ ಸುತ್ತಳತೆ ಅದೇ.

ನಿಧಾನದ ತಾಳಕ್ಕೆ ಉತ್ತರ ಎರಡು ರೋಲರ್‌ಗಳ ನಡುವಿನ ಸಣ್ಣ ವ್ಯತ್ಯಾಸದಲ್ಲಿತ್ತು. ಒಂದು 12.00, ಇನ್ನೊಂದು 12.02 ಮಿ.ಮೀ. ಡ್ರಾಯಿಂಗಿನ ಟಾಲರೆನ್ಸಿನೊಳಗೇ ಇದ್ದವು, ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಎರಡೂ ರೋಲರ್ ಕೇಂದ್ರ ತಪ್ಪಿ ತಿರುಗುತ್ತಿದ್ದರೆ ಶಾಟಿನ ಜಾಗದಲ್ಲಿ ಟೇಪು ಅವುಗಳ ಸರಾಸರಿಯಷ್ಟು ಅಲುಗುತ್ತದೆ. ಎರಡರ ಉಬ್ಬೂ ಒಟ್ಟಿಗೆ ಬಂದಾಗ ಪೂರ್ತಿ ಅಲುಗಾಟ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಜೋಡಿಯಾದಾಗ ಟೇಪು ನಿಶ್ಚಲ. ಸುತ್ತಳತೆಯ ವ್ಯತ್ಯಾಸ 0.063 ಮಿ.ಮೀ. ಆದ್ದರಿಂದ ಒಂದು ಇನ್ನೊಂದನ್ನು ಪೂರ್ತಿ ಒಂದು ಸುತ್ತು ಹಿಂದಿಕ್ಕಲು 22.6 ಮೀಟರ್ ಟೇಪು ಓಡಬೇಕು. 4 ಮಿ.ಮೀ.ಯಂತೆ 5,650 ಶಾಟು, 1,130 ಸೆಕೆಂಡು. ಹತ್ತೊಂಬತ್ತು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

ಇನ್ನು ಕೇಂದ್ರ ತಪ್ಪಿದ್ದು ಹೇಗೆ. ತೋಳಿನ ಬೋರು (ಒಳತೂತು) 4.04 ಮಿ.ಮೀ., ಶಾಫ್ಟು 4.00. ಆ 40 ಮೈಕ್ರಾನ್ ಸಡಿಲವನ್ನು ಹೊಸೂರಿನಲ್ಲಿ ರಿಟೈನರ್ ಅಂಟು ತುಂಬಿ ಮುಚ್ಚಿ, ಅಂಟು ಗಟ್ಟಿಯಾದ ಮೇಲೆ ಶಾಫ್ಟಿನ ಸೆಂಟರ್‌ಗಳ ನಡುವೆಯೇ ಹೊರಮೈ ಗ್ರೈಂಡ್ ಮಾಡಿದ್ದರು. ಸರಿಯಾದ ಕ್ರಮ, 4 ಮೈಕ್ರಾನ್ ಬಂದದ್ದು ಅದಕ್ಕೇ. ಆಮೇಲೆ ಲ್ಯಾಬಿನಿಂದ ಪತ್ರ ಬಂತು: ನಿರ್ವಾತದೊಳಗೆ ಅಂಟು ಬೇಡ, ಆವಿ ಬಿಡುತ್ತದೆ. ಕಾಯಿಸಿ ಅಂಟು ಬಿಡಿಸಿದರು, ತೋಳಿಗೆ ತೂತು ಕೊರೆದು ಟ್ಯಾಪ್ ಹಾಕಿ ತಲೆಯಿಲ್ಲದ ಗ್ರಬ್ ಸ್ಕ್ರೂ ಕೊಟ್ಟರು, ಎಲ್ಲವನ್ನೂ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಕೂಡಿಸಿ ಅಲ್ಯೂಮಿನಿಯಂ ಹಾಳೆ ಸುತ್ತಿ ಕಳಿಸಿದರು. ಗ್ರಬ್ ಸ್ಕ್ರೂ ಬಿಗಿಯುವಾಗ ಶಾಫ್ಟನ್ನು ಬೋರಿನ ಎದುರು ಗೋಡೆಗೆ ಒತ್ತುತ್ತದೆ. 40ರ ಸಡಿಲದಲ್ಲಿ ಕೇಂದ್ರ 20 ಮೈಕ್ರಾನ್ ತಪ್ಪಿತು, ಡಯಲಿನ ಲೆಕ್ಕದಲ್ಲಿ ರನ್‌ಔಟ್ 40. ಡಯಲ್ ಮಾತ್ರ ಎರಡನೇ ಸಲ ಯಾರೂ ಇಡಲಿಲ್ಲ.

"ತೊಳೆದ ಮೇಲೆ ಏನೂ ಮುಟ್ಟಿಸ್ಬೇಡಿ ಅಂತ ನೀವೇ ಬರ್ದಿದ್ರಲ್ಲ ಸಾರ್," ಎಂದರು ಫಿಟ್ಟರ್.

"ಕೈ ಮುಟ್ಟಿಸ್ಬೇಡಿ ಅಂತ ಅಣ್ಣ. ಡಯಲ್ ತುದೀನ ಐಪಿಎ ಸ್ಪಿರಿಟ್ ಹಾಕಿ ಒರೆಸಿ ಇಟ್ಟಿದ್ರೆ ಏನೂ ಆಗ್ತಿರ್ಲಿಲ್ಲ," ಎಂದರು ಲ್ಯಾಬಿನ ಎಂಜಿನಿಯರ್.

ಇಬ್ಬರದೂ ಸರಿ. ನಿಯಮ ಬರೆದ ಕಾಗದದಲ್ಲಿ ಡಯಲಿನ ಮಾತೇ ಇರಲಿಲ್ಲ.

ಫೋಕಸ್ ಹೊಂದಿಸಿದ ರೀತಿಯೂ ಏಟನ್ನು ಹಿಗ್ಗಿಸಿತು. ನಿಂತ ಟೇಪಿನ ಮೇಲೆ ಒಮ್ಮೆ ಹೊಂದಿಸಿ ಓಡಿಸಲು ಬಿಟ್ಟಿದ್ದರು. ಆ ಗಳಿಗೆಯಲ್ಲಿ ರೋಲರ್‌ಗಳು ಉಬ್ಬಿನ ತುದಿಯಲ್ಲಿ ನಿಂತಿದ್ದರೆ, ಅರ್ಧ ಸುತ್ತಿನ ಬಳಿಕ ಟೇಪು 40 ಮೈಕ್ರಾನ್ ಹಿಂದೆ, ಕಿರಣದ ದಿಕ್ಕಿನಲ್ಲಿ 57. ತೀವ್ರತೆ ಶೇ. 39ಕ್ಕೆ ಇಳಿಯಿತು. ಅದರ ಬದಲು ಒಂದು ಪೂರ್ತಿ ಸುತ್ತು ಓಡಿಸಿ ನಡುವಿನ ಸ್ಥಾನಕ್ಕೆ ಫೋಕಸ್ ಇಟ್ಟಿದ್ದರೆ, ಇದೇ ಕೆಟ್ಟ ರೋಲರ್‌ನಲ್ಲೂ ಶೇ. 72ರ ಕೆಳಗೆ ಹೋಗುತ್ತಿರಲಿಲ್ಲ. ಓಡುವ ಟಾರ್ಗೆಟ್ಟನ್ನು ಓಡಿಸಿಯೇ ಹೊಂದಿಸಬೇಕು.

ತಿರುಗುವುದನ್ನು ದೂರವಿಟ್ಟದ್ದು

ಬೋರನ್ನು ಬಿಗಿ ಮಾಡಿ ಹೊಸ ರೋಲರ್ ಮಾಡಿದ್ದರೆ ಅಂದಿಗೆ ಕೆಲಸ ಆಗುತ್ತಿತ್ತು. ಆದರೆ ಗ್ರೀಸ್ ತೊಳೆದ ಬೇರಿಂಗು ನಿರ್ವಾತದಲ್ಲಿ ಸವೆಯುತ್ತದೆ, ಸವೆದ ಮೇಲೆ ಅದೇ ಕತೆ ಮತ್ತೆ ಶುರು. ಆದ್ದರಿಂದ ಶಾಟಿನ ಹತ್ತಿರ ತಿರುಗುವ ವಸ್ತುವೇ ಬೇಡವೆಂದು ತೀರ್ಮಾನವಾಯಿತು. ರೋಲರ್‌ಗಳನ್ನು 60 ಮಿ.ಮೀ. ಹಿಂದಕ್ಕೆ ಸರಿಸಿದರು, ಅವೂ ಈಗ ಶಾಫ್ಟ್ ಸಮೇತ ಒಂದೇ ಸರಳಿನಿಂದ ಕಡೆದವು. ಶಾಟಿನ ಎರಡೂ ಬದಿ, 20 ಮಿ.ಮೀ. ಅಂತರದಲ್ಲಿ, 6 ಮಿ.ಮೀ. ವ್ಯಾಸದ ಅಲುಗದ ಪಿನ್ನುಗಳು. ಇಎನ್31 ಉಕ್ಕು, ಬೊಮ್ಮಸಂದ್ರದಲ್ಲಿ 60 ಎಚ್ಆರ್‌ಸಿ ಗಡಸುತನಕ್ಕೆ ಹಾರ್ಡನಿಂಗ್, ಹೊಸೂರಿಗೆ ತಂದು ಗ್ರೈಂಡಿಂಗ್, ಕೊನೆಗೆ ಕೈಯಲ್ಲಿ ಲ್ಯಾಪಿಂಗ್. ಟೇಪು ಪ್ರತಿ ಪಿನ್ನಿನ ಮೇಲೆ ಬರೀ 15 ಡಿಗ್ರಿ ಬಾಗುತ್ತದೆ. ಉಜ್ಜುವಿಕೆಯ ಗುಣಾಂಕ 0.3 ಎಂದುಕೊಂಡರೂ ಒಂದು ಪಿನ್ನಿಗೆ ಎಳೆತ ಶೇ. 8 ಏರುತ್ತದೆ, ಅಷ್ಟೇ.

ಪಿನ್ನುಗಳು ಎಲ್ಲಿವೆ ಎಂಬುದು ಮುಖ್ಯವಲ್ಲ, ಪಿನ್ನು ಹೊತ್ತ ಇಡೀ ತಲೆಯನ್ನು ಮೂರು ದಿಕ್ಕಿನ ಸ್ಟೇಜು ಸರಿಸುತ್ತದೆ. ಅವು ಒಂದಕ್ಕೊಂದು ಸಮಾಂತರ ಇರಬೇಕು. ಚೂರು ಓರೆಯಾದರೂ ಟೇಪಿನ ಒಂದು ಅಂಚು ಬಿಗಿ, ಇನ್ನೊಂದು ಜೋಲು; ಜೋಲು ಬಿದ್ದ ಅಂಚು ಪ್ರತಿ ಹೆಜ್ಜೆಗೂ ಪಟಪಟಿಸುತ್ತದೆ. ಸರ್ಫೇಸ್ ಪ್ಲೇಟಿನ ಮೇಲೆ ಸ್ಲಿಪ್ ಗೇಜಿಟ್ಟು ನೋಡಿ, ಶಿಮ್ ಹಾಕಿ ಸರಿಮಾಡಿದರು.

ಬೆಂಚಿನ ಮೇಲೆ, ಬೆಳಕಿನಿಂದ ದೂರ ಅಳೆಯುವ ಕಾನ್‌ಫೋಕಲ್ ಸೆನ್ಸರ್ ಇಟ್ಟು ಅಳೆದಾಗ ಅಲುಗಾಟ ±4 ಮೈಕ್ರಾನ್. ಅಳೆಯುವಾಗ ಒಂದು ಮೋಸ ಇದೆ: ಕ್ಯಾಪ್ಟಾನ್ ಪಾರದರ್ಶಕ, ಸೆನ್ಸರಿಗೆ ಮುಂದಿನ ಮೈಯಿಂದಲೂ ಹಿಂದಿನ ಮೈಯಿಂದಲೂ ಪ್ರತಿಫಲನ ಬರುತ್ತದೆ. ಪ್ರತಿಫಲನದ ಬಲವಾದ ಶಿಖರವನ್ನು ಹಿಡಿ ಎಂದು ಬಿಟ್ಟರೆ ಅದು ಒಮ್ಮೆ ಅಲ್ಲಿಗೆ ಒಮ್ಮೆ ಇಲ್ಲಿಗೆ ಹಾರಿ, ಇಲ್ಲದ ನಡುಕ ತೋರಿಸುತ್ತದೆ. 'ಮೊದಲ ಶಿಖರ' ಎಂದು ಕಟ್ಟಿಹಾಕಬೇಕು.

ಚೇಂಬರಿನಲ್ಲಿ ಲೇಸರ್ ಬಿದ್ದ ಮೇಲೆ ಅದೇ ತಲೆ ±4ರಲ್ಲಿ ನಿಲ್ಲಲಿಲ್ಲ. ಸುರುಳಿಯ ಮೊದಲ ಮೂರು ಶಾಟು ಸರಿ, ನಾಲ್ಕನೆಯದರಿಂದ ಟೇಪು ಮುಂದಕ್ಕೆ ಎದ್ದಂತೆ. ಶಾಟಿನ ಜಾಗದಿಂದ ಮುಂದಿನ ಪಿನ್ನಿಗೆ 10 ಮಿ.ಮೀ., ಅಂದರೆ ಎರಡೂವರೆ ಹೆಜ್ಜೆ. ರಂಧ್ರದ ಸುತ್ತ ಕರಗಿ ಗಟ್ಟಿಯಾದ ಅಂಚು ಟೇಪಿಗಿಂತ ಮೂವತ್ತು ನಲವತ್ತು ಮೈಕ್ರಾನ್ ಎತ್ತರ. ಅದು ಪಿನ್ನನ್ನು ಹತ್ತುವಾಗ ಟೇಪನ್ನೂ ಎತ್ತುತ್ತಿತ್ತು. ರಂಧ್ರ ಹೋಗುವ ಕಡೆಯ ಪಿನ್ನಿಗೆ ನಡುವಿನಲ್ಲಿ 3 ಮಿ.ಮೀ. ಅಗಲ, ಅರ್ಧ ಮಿ.ಮೀ. ಆಳದ ಗಾಡಿ, ಅಂದರೆ ತೋಡು, ಹೊಡೆದು, ಅದರ ಚೂಪನ್ನು ಎಮರಿಯಿಂದ ಸವರಿ ತೆಗೆದ ಮೇಲೆ ಅಂಚು ಗಾಡಿಯೊಳಗೇ ಹಾದುಹೋಗುತ್ತದೆ. ಈಗ ಶಾಟಿನ ವೇಳೆಯೂ ±7ರೊಳಗಿದೆ. ಲೇಸರ್ ಇಲ್ಲದೆ ಹೊಸೂರಿನಲ್ಲೇ ಇದನ್ನು ಪರೀಕ್ಷಿಸಲು ಸಾಲ್ಡರಿಂಗ್ ಐರನ್ನಿಗೆ ಸೂಜಿ ಕಟ್ಟಿ, ಕೆಲವು ಮೀಟರ್ ಟೇಪಿಗೆ 4 ಮಿ.ಮೀ.ಗೊಂದು ತೂತು ಸುಟ್ಟು ಓಡಿಸುತ್ತಾರೆ. ಕಚ್ಚಾ ಉಪಾಯವಾದರೂ ಕರಗಿದ ಅಂಚು ಅದೇ ಬಗೆಯದು.

ಉಳಿದವು

ಹೆಜ್ಜೆಯ ಉದ್ದ. ಮೊದಲು ಸುತ್ತಿಕೊಳ್ಳುವ ಸುರುಳಿಯ ಮೋಟರಿಗೆ ಶಾಟಿಗಿಷ್ಟು ಸ್ಟೆಪ್ ಎಂದು ಕೊಟ್ಟಿದ್ದರು. 40 ಮಿ.ಮೀ. ಕೋರಿನ ಮೇಲೆ 100 ಮೀಟರ್ ಸುತ್ತಿದರೆ ವ್ಯಾಸ 56.7. ಸುರುಳಿ ತುಂಬಿದಾಗ 4 ಮಿ.ಮೀ. ಆಗುವಂತೆ ಲೆಕ್ಕ ಹಾಕಿದ್ದರಿಂದ ಆರಂಭದಲ್ಲಿ ಹೆಜ್ಜೆ 2.8 ಮಾತ್ರ; ಕರಗಿದ ಅಂಚುಗಳು ಒಂದನ್ನೊಂದು ತಾಕುವಷ್ಟು ಹತ್ತಿರ. ಈಗ ಎಣಿಕೆ ಹಿಂದಿನ ರೋಲರಿನ ಸುತ್ತು ಅಳೆಯುವ ಎನ್‌ಕೋಡರಿನದು, ಟೇಪು ಅದನ್ನು 120 ಡಿಗ್ರಿ ತಬ್ಬಿರುವುದರಿಂದ ಜಾರುವುದಿಲ್ಲ.

ನೀರು. ಕ್ಯಾಪ್ಟಾನ್ ಒಣಗಿದಂತೆ ಕಾಣುತ್ತದೆ, ಒಣಗಿರುವುದಿಲ್ಲ. ಗಾಳಿಯ ತೇವಾಂಶ ಶೇ. 50 ಇದ್ದಾಗ ತನ್ನ ತೂಕದ ಶೇ. 1.8ರಷ್ಟು ನೀರು ಹೀರಿರುತ್ತದೆ. 100 ಮೀಟರ್ ಟೇಪಿನ ತೂಕ 23 ಗ್ರಾಂ, ಅದರಲ್ಲಿ ನೀರು 0.41 ಗ್ರಾಂ. ಅಷ್ಟನ್ನೂ 10⁻⁵ ಮಿಲಿಬಾರಿನಲ್ಲಿ ಸೆಕೆಂಡಿಗೆ 1,000 ಲೀಟರ್ ಎಳೆಯುವ ಪಂಪಿನಿಂದ ತೆಗೆಯಲು ಹದಿನೈದು ಗಂಟೆಗೂ ಮೇಲೆ ಬೇಕು. ಸುರುಳಿಯನ್ನು 100 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಇಟ್ಟು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿ, ಚೇಂಬರ್ ತೆರೆಯುವ ಹೊತ್ತಿಗೆ ಹೊರತೆಗೆಯುವುದು ಈಗಿನ ಪದ್ಧತಿ. ಸೋನೆ ಹಿಡಿದ ತಿಂಗಳಲ್ಲಿ ಬೆಂಚಿನ ಮೇಲೆ ಬಿಟ್ಟ ಸುರುಳಿಗೆ ಒಂದು ವಾರ ಮುಂಚೆ ಒಣಗಿಸಿದ್ದೆವೆಂಬುದು ಲೆಕ್ಕಕ್ಕಿಲ್ಲ. ಒಂದೇ ಕಡೆ ತೆರೆದ ಕುರುಡು ತೂತಿಗೆ ಹಾಕುವ ಸ್ಕ್ರೂಗಳೆಲ್ಲ ನಡುವೆ ರಂಧ್ರ ಇರುವಂಥವೇ ಆಗಬೇಕು, ಇಲ್ಲದಿದ್ದರೆ ಅಡಿಯಲ್ಲಿ ಸಿಕ್ಕ ಗಾಳಿ ದಿನಗಟ್ಟಲೆ ಜಿನುಗುತ್ತದೆ.

ವಿದ್ಯುತ್ಕಾಂತ ಆಘಾತ. ಪ್ರತಿ ಶಾಟಿಗೂ ಟಾರ್ಗೆಟ್ಟಿನಿಂದ ಹಾರಿಹೋದ ಎಲೆಕ್ಟ್ರಾನುಗಳ ಜಾಗ ತುಂಬಲು ಹಿಡಿಕೆಯ ಮೂಲಕ ಪ್ರವಾಹ ನುಗ್ಗುತ್ತದೆ, ಚೇಂಬರಿನ ತುಂಬ ರೇಡಿಯೋ ಗದ್ದಲ ಏಳುತ್ತದೆ. ಎನ್‌ಕೋಡರ್ ಆ ಗದ್ದಲವನ್ನೂ ಎಣಿಸುತ್ತಿತ್ತು. ಸ್ಟೆಪ್ಪರ್ ಡ್ರೈವರ್ ಚೇಂಬರಿನ ಹೊರಗೆ, ಮೋಟರ್ ಲೋಹದ ಡಬ್ಬಿಯೊಳಗೆ, ತಂತಿಗಳೆಲ್ಲ ಹೆಣೆದ ಕವಚದೊಳಗೆ, ಟ್ರಿಗರ್ ಫೈಬರಿನಲ್ಲಿ. ತಲೆಯ ಕಾಲುಗಳು ವಿದ್ಯುತ್ ಹರಿಯಗೊಡದ ಪೀಕ್ ಪ್ಲಾಸ್ಟಿಕ್ಕಿನವು. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಪ್ರೋಗ್ರಾಮಿನ ಒಂದು ಸಾಲು: ಶಾಟಿನ ಆಚೀಚೆ 2 ಮಿಲಿಸೆಕೆಂಡು ಎನ್‌ಕೋಡರ್ ಎಣಿಕೆಯನ್ನು ನಂಬಬೇಡ. ಆಗ ಟೇಪು ಹೇಗೂ ನಿಂತಿರುತ್ತದೆ. ಗಾಳಿಯಿಲ್ಲದ ಕಡೆ ಮೋಟರ್ ತಣಿಯುವುದಿಲ್ಲ, ಆದ್ದರಿಂದ ನಿಂತಾಗಿನ ಕರೆಂಟನ್ನು ಅರ್ಧಕ್ಕಿಳಿಸಿದ್ದಾರೆ.

ಮಸಿ. ಪ್ರತಿ ಶಾಟೂ ಚೂರು ಕ್ಯಾಪ್ಟಾನನ್ನು ಸುಟ್ಟು ಎರಚುತ್ತದೆ. ಹೆಚ್ಚಿನದು ಟೇಪಿಗೆ ಲಂಬವಾಗಿ ಹೋದರೂ ಪ್ಯಾರಾಬೋಲಾಕ್ಕೆ ಪಾಲು ತಪ್ಪುವುದಿಲ್ಲ. ಕನ್ನಡಿಯ ಮುಂದೆ 1 ಮಿ.ಮೀ. ಗಾಜು ಇಡೋಣ ಎಂದವರಿದ್ದರು. ಆ ಜಾಗದಲ್ಲಿ ಕಿರಣದ ತೀವ್ರತೆ ಚದರ ಸೆಂ.ಮೀ.ಗೆ 1.3×10¹² ವ್ಯಾಟ್, ಒಂದು ಮಿ.ಮೀ. ಸಿಲಿಕಾ ಅದರ ಪ್ರಾವಸ್ಥೆಯನ್ನು 2.8 ರೇಡಿಯನ್ ತಿರುಚುತ್ತದೆ, 1 ದಾಟಿದರೇ ಚುಕ್ಕೆ ಕೆಡುತ್ತದೆ. ಕೆಲವೇ ಮೈಕ್ರಾನಿನ ಪೆಲಿಕಲ್ ಹಾಳೆ ಇಟ್ಟರು. ಮಸಿ ಹಿಡಿದಂತೆ ಅದನ್ನು ಬದಲಿಸುತ್ತಾರೆ.

ಟೇಪು ಬಿಚ್ಚುವ ಸುರುಳಿಯನ್ನು ಬಿಗಿಹಿಡಿಯುವ ಬ್ರೇಕು ಸದಾ ಒಂದೇ ಟಾರ್ಕ್ ಕೊಡುವ ಸರಳ ಮ್ಯಾಗ್ನೆಟಿಕ್ ಬ್ರೇಕು, ತುಂಬಿದ ಸುರುಳಿಗೆ 57 ಮಿಲಿನ್ಯೂಟನ್ ಮೀಟರ್. ಸುರುಳಿ ಖಾಲಿಯಾದಂತೆ ಎಳೆತ 2ರಿಂದ 2.8 ನ್ಯೂಟನ್ನಿಗೆ ಏರುತ್ತದೆ. ರಂಧ್ರದ ಪಕ್ಕದ ಒತ್ತಡ ಆಗ 53 ಮೆಗಾಪ್ಯಾಸ್ಕಲ್, 69ಕ್ಕಿಂತ ಕೆಳಗೇ. ಸೆನ್ಸರು, ಫೀಡ್‌ಬ್ಯಾಕು ಏನೂ ಬೇಡವಾಯಿತು, ಕೆಡುವ ಒಂದು ವಸ್ತು ಕಡಿಮೆ.

ಈಗ ಲ್ಯಾಬ್ ಕೇಳುತ್ತಿರುವುದು ಸೆಕೆಂಡಿಗೆ 10 ಶಾಟು. ಆ ವೇಗದಲ್ಲಿ 100 ಮೀಟರ್ 42 ನಿಮಿಷಕ್ಕೆ ಮುಗಿಯುತ್ತದೆ. ಚೇಂಬರ್ ತೆರೆದು ಸುರುಳಿ ಬದಲಿಸಿ ಮತ್ತೆ ನಿರ್ವಾತ ಮಾಡುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು. 300 ಮೀಟರ್ ಹಾಕಿದರೆ 75,000 ಶಾಟು, ಎರಡು ಗಂಟೆ ಐದು ನಿಮಿಷ. ಆದರೆ 40ರ ಕೋರಿನ ಮೇಲೆ 300 ಮೀಟರ್ ಸುತ್ತಿದರೆ ವ್ಯಾಸ 80 ಮಿ.ಮೀ., ಅದೇ ಬ್ರೇಕಿನಲ್ಲಿ ಎಳೆತ 2ರಿಂದ 4 ನ್ಯೂಟನ್ನಿಗೆ ಏರಿ ರಂಧ್ರದ ಪಕ್ಕ ಸುಮಾರು 75 ಮೆಗಾಪ್ಯಾಸ್ಕಲ್ ಆಗುತ್ತದೆ. ಬ್ರೇಕಿನ ಬಗೆಯನ್ನು ಬದಲಿಸುವ ಬದಲು ಕೋರನ್ನು 60 ಮಿ.ಮೀ. ಮಾಡಲು ಒಪ್ಪಿದ್ದಾರೆ: ಹೊರ ವ್ಯಾಸ 92, ಟಾರ್ಕ್ 92 ಮಿಲಿನ್ಯೂಟನ್ ಮೀಟರ್, ಕೊನೆಯಲ್ಲಿ ಎಳೆತ 3.1 ನ್ಯೂಟನ್, ಒತ್ತಡ 57. ಬದಿಯ ಪ್ಲೇಟು ಅಷ್ಟು ದೊಡ್ಡದಾಗಬೇಕು, ಸುರುಳಿಯಲ್ಲಿರುವ ನೀರು ಮೂರು ಪಟ್ಟು ಆಗುವುದರಿಂದ ಓವನ್ನಿನ ಸಮಯವೂ ಹೆಚ್ಚಬೇಕು. ಹೊಸ ಡ್ರಾಯಿಂಗಿನ ಕೆಳಗೆ ಒಂದು ಸಾಲು ಸೇರಿದೆ: ರನ್‌ಔಟ್ ಅಳತೆ, ತೊಳೆದು ಕೂಡಿಸಿದ ಮೇಲೆ, ಐಪಿಎಯಿಂದ ಒರೆಸಿದ ಡಯಲಿನಲ್ಲಿ.